ಎರಡೆರಡು ಗೂಟ

ನನ್ನ ಗಂಡ ಸಾರೋಮ್‌ಗೆ ಹಟ ಹುಟ್ಟುಗುಣ, ಸುಟ್ಟರೂ ಹೋಗದು. ಎಡಗಣ್ಣಿನ ಪೊರೆ ಮೊದಲೇ ತೆಗೆಸಿದ್ದಾಗಿತ್ತು, ಬಲಗಣ್ಣಿನದು ತೆಗೆಸಿ ಮೂರು ವಾರವಾಗಿತ್ತಷ್ಟೇ, ಆ ಬೆಳಿಗ್ಗೆ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ತಾಳೆಮರದ ಬುಡದಲ್ಲಿ ನಿಂತಿದ್ದರು.

"ಡಾಕ್ಟರಮ್ಮ ಹೇಳಿದ್ದು ಮರೆತುಹೋಯ್ತಾ?" ಅಂದೆ.

"ಕಣ್ಣಿನ ಒತ್ತಡ ಇಳಿದಿದೆ ಅಂದ್ರಲ್ಲ."

"ಅದೊಂದೇ ಕೇಳಿಸ್ತು ನಿಮ್ಮ ಕಿವಿಗೆ!"

ಆಪರೇಷನ್ ಆದ ಮರುದಿನ ಕಣ್ಣಿನ ಒತ್ತಡ ಏರಿ, ತಲೆ ಸಿಡಿದು, ವಾಂತಿ ಮಾಡಿಕೊಂಡಿದ್ದರು. ಅದು ಹನಿಮದ್ದಿಗೆ ಇಳಿಯಿತು. ಉಳಿದದ್ದು ಇನ್ನೊಂದು ತೊಂದರೆ. ಕಣ್ಣು ಮರಗಟ್ಟಿಸಲು ಚುಚ್ಚಿದ ಸೂಜಿ ಕಣ್ಣುಗುಡ್ಡೆಯ ಕೆಳಗಿನ ಸ್ನಾಯುವಿಗೆ ತಾಗಿ, ಎರಡು ಕಣ್ಣೂ ಜೊತೆಯಾಗಿ ತಿರುಗುತ್ತಿರಲಿಲ್ಲ. ಒಂದು ಅನ್ನದ ಬಟ್ಟಲು ಎರಡಾಗಿ, ಒಂದರ ಮೇಲೊಂದು ಕಾಣುತ್ತಿತ್ತು. ತಾನಾಗಿ ಸರಿಹೋಗಬಹುದು, ತಿಂಗಳುಗಟ್ಟಲೆ ಬೇಕು, ಅಲ್ಲಿಯವರೆಗೆ ಆ ಕಣ್ಣಿಗೆ ಪಟ್ಟಿ, ಮರ ಹತ್ತುವ ಮಾತೇ ಇಲ್ಲ ಎಂದಿದ್ದರು ಡಾಕ್ಟರಮ್ಮ.

ಹೊಂಬಾಳೆಗೆ ಇದೆಲ್ಲ ತಿಳಿಯುತ್ತದೆಯೇ? ದಿನಾ ತುದಿ ಕೆತ್ತದಿದ್ದರೆ ಗಾಯ ಮುಚ್ಚಿಕೊಂಡು ನೀರಾ ನಿಂತುಹೋಗುತ್ತದೆ. ನೀರಾ ಕಾಯಿಸಿ ಮಾಡುವ ಆ ವರ್ಷದ ಬೆಲ್ಲಕ್ಕೆ ಎಳ್ಳುನೀರು. ನಮ್ಮ ಕಾಂಪೊಂಗ್ ಸ್ಪ್ಯೂ ಸೀಮೆಯಲ್ಲಿ ಬೆಲ್ಲ ಬಿಟ್ಟರೆ ನಮಗೇನಿದೆ? ಇಷ್ಟು ದಿನ ಕೆತ್ತಿಕೊಟ್ಟ ನೆರೆಮನೆಯ ವುಥಾ ಅವತ್ತು ತನ್ನ ತಂಗಿಯ ಮದುವೆಗೆ ಹೋಗಿದ್ದ.

"ಒಂದೇ ಮರ ಕಣೇ," ಎಂದು ಹತ್ತಿಯೇಬಿಟ್ಟರು.

ಮರಕ್ಕೆ ಬಿಗಿದ ಒಂಟಿ ಬಿದಿರು, ಅದರ ಗೆಣ್ಣುಗಳಲ್ಲಿ ಉಳಿಸಿದ ಗೇಣುದ್ದದ ಗೂಟಗಳು. ನಮ್ಮ ಏಣಿ ಅಷ್ಟೇ. ಹತ್ತಾಳೆತ್ತರ ಏರಿ, ತಲೆ ಬಗ್ಗಿಸಿ ಹೊಂಬಾಳೆ ಕೆತ್ತಿದರು. ಆಗ ಬೆವರಿಗೆ ಜಾರಿದ ಪಟ್ಟಿ ನನ್ನ ಕಾಲಬುಡದಲ್ಲೇ ಬಿತ್ತು.

ಇಳಿಯಲು ಚಾಚಿದ ಕಾಲು ಗಾಳಿಯನ್ನು ಮೆಟ್ಟಿತು.

"ಎರಡೆರಡು ಗೂಟ ಕಾಣ್ತಿದಾವೆ ಕಣೇ!"

"ಬಲಗಣ್ಣು ಮುಚ್ಕೊಳ್ಳಿ!"

"ಮುಚ್ಚಿದೀನಿ. ಗೂಟ ಹತ್ರ ಇದ್ಯೋ ದೂರ ಇದ್ಯೋ ಗೊತ್ತಾಗ್ತಿಲ್ಲ. ತಲೆ ತಿರುಗ್ತಿದೆ."

ಇನ್ನೊಂದು ಕಾಲೂ ಜಾರಿತು. ಎರಡೂ ಕೈಯಲ್ಲಿ ಬಿದಿರು ತಬ್ಬಿ ನೇತಾಡಿದರು. ಸೊಂಟಕ್ಕೆ ಕಟ್ಟಿದ್ದ, ನೀರಾ ತುಂಬುವ ಬಿದಿರಿನ ಕೊಳವೆಗಳು ಕೆಳಗೆ ಬಿದ್ದು ಸೀಳಿಹೋದವು. ಬಿದಿರು ಕಿರುಗುಟ್ಟುತ್ತಿತ್ತು. ಕೂಗಿದರೆ ಬರಲು ಹತ್ತಿರ ಯಾರೂ ಇರಲಿಲ್ಲ.

ಎರಡು ವರ್ಷ ಎರಡೂ ಕಣ್ಣಿಗೆ ಪೊರೆ ಕವಿದಿದ್ದಾಗ ಈ ಮನುಷ್ಯ ಬರೀ ಕಾಲಬೆರಳಿನ ನೆನಪಲ್ಲಿ ಹತ್ತಿ ಇಳಿದಿದ್ದರು. ಒಂದು ದಿನವೂ ತಪ್ಪಿರಲಿಲ್ಲ.

"ಎರಡೂ ಕಣ್ಣು ಮುಚ್ಚಿ! ಪೊರೆ ಇದ್ದಾಗ ಇಳೀತಿದ್ದ ಹಾಗೇ ಇಳೀರಿ!"

"ಹುಚ್ಚು ಹಿಡೀತಾ ನಿಂಗೆ?"

"ಮುಚ್ಚೋ, ಮುದುಕಾ!" ಮರ್ಯಾದೆ ಗಿರ್ಯಾದೆ ಮರೆತು ಕಿರುಚಿದೆ.

ಮುಚ್ಚಿದರು. ಕಾಲಿನ ಹೆಬ್ಬೆರಳು ತಡಕಿತು, ಗೂಟ ಸಿಕ್ಕಿತು. ಇನ್ನೊಂದು ಸಿಕ್ಕಿತು. ನಾನು ಆ ಎರಡು ಪಾದಗಳನ್ನೇ ನೋಡುತ್ತಿದ್ದೆ. ಪಾದ ನೆಲ ಮುಟ್ಟಿದರೂ ಕಣ್ಣು ತೆರೆಯಲಿಲ್ಲ.

"ಇನ್ನೂ ಇದ್ಯಾ?"

"ನೆಲ ಕಣ್ರೀ, ನೆಲ!" ಎಂದು ಬೆನ್ನಿಗೆ ಗುದ್ದಿ ಗುದ್ದಿ ಅತ್ತೆ.

ಆಮೇಲೆ ಅವರ ಸೊಂಟದ ಕತ್ತಿ ಕಿತ್ತುಕೊಂಡು ಏಣಿಯ ಗೂಟ ಕಡಿಯತೊಡಗಿದೆ. ಸದ್ದು ಕೇಳಿ, ಕಣ್ಣು ಮುಚ್ಚಿಕೊಂಡೇ ಕೇಳಿದರು:

"ಎಷ್ಟನೇ ಗೂಟ ಅದು?"

"ಕೈಗೆ ಎಟುಕೋದೆಲ್ಲಾ."

"ಹೊಂಬಾಳೆ ಒಣಗುತ್ತೆ ಕಣೇ."

"ಒಣಗಲಿ," ಎಂದು ಮುಂದಿನ ಗೂಟಕ್ಕೆ ಕತ್ತಿ ಎತ್ತಿದೆ.