ತಪ್ಪೆಲ್ಲ ಸಿಪ್ಪೆಬುಟ್ಟಿಯದೇ?

ಬೇಕರಿ ಅಕ್ಕನ ಅಂಗಡಿಯ ಹಿಂದಿನ ಅಡುಗೆಕೋಣೆಗೆ ಮಧ್ಯಾಹ್ನವಾಯಿತೆಂದರೆ ಜೋಂಪು ಹತ್ತುತ್ತಿತ್ತು. ಬೆಳಗಿನ ಬ್ರೆಡ್ ಬೇಯಿಸಿ ಮುಗಿದು ಓವನ್ ಆರಿರುತ್ತಿತ್ತು. ಸಂಜೆಯ ಹಿಟ್ಟು ಒದ್ದೆ ಬಟ್ಟೆಯಡಿ ಸದ್ದಿಲ್ಲದೆ ಉಬ್ಬುತ್ತಿತ್ತು. ಮೇಲಿನ ಕಿಟಕಿಯ ಬಿಸಿಲಿನಲ್ಲಿ ಮೈದಾ ಪುಡಿ ಇಳಿಯಲೋ ಬೇಡವೋ ಎಂದು ತೇಲಾಡುತ್ತಿತ್ತು. ಅಕ್ಕನಿಗೆ ಈ ಹೊತ್ತೆಂದರೆ ಪ್ರಾಣ.

ಒಂದೇ ಕಿರಿಕಿರಿ, ಕೊಳೆತ ಮೊಟ್ಟೆಯ ವಾಸನೆ. ಕೆಲವು ದಿನಗಳಿಂದ ಸಣ್ಣಗೆ ಬರುತ್ತಿದ್ದದ್ದು ಇವತ್ತು ಮೂಗಿಗೆ ಬಡಿಯುತ್ತಿತ್ತು. ಕೇಕಿಗೆ ಒಡೆದ ಮೊಟ್ಟೆಗಳ ಸಿಪ್ಪೆಯನ್ನು ಹೊರಗೆ ಚೆಲ್ಲುವುದು ಯಜಮಾನರ ಪಾಲಿನ ಕೆಲಸ. ಅವರೋ ಸಿಲಿಂಡರುಗಳ ಪಕ್ಕ, ತಣ್ಣನೆಯ ನೆಲದ ಮೇಲೆ ಚಾಪೆ ಹಾಸಿಕೊಂಡು ಗೊರಕೆ ಹೊಡೆಯುತ್ತಿದ್ದರು. ಇತ್ತೀಚೆಗೆ ಆ ನಿದ್ದೆ ಬಲು ಗಾಢ. ಎದ್ದವರು ತಲೆ ಹಿಡಿದುಕೊಂಡು, "ಎಂಥಾ ಕನಸು ಕಣೇ! ಮೋಡದ ಮೇಲೆ ತೇಲ್ತಿದ್ದೆ" ಎನ್ನುವರು. ಹಾಗೆನ್ನುತ್ತಲೇ ಓವನ್ ಹಚ್ಚಲು ಬೆಂಕಿಪೊಟ್ಟಣಕ್ಕೆ ತಡಕಾಡುವರು. ಇಷ್ಟು ದಿನ ಬಚಾವಾದದ್ದು ಬರೀ ಅದೃಷ್ಟ.

ಅಂದು ಬ್ರೆಡ್ ಒಯ್ಯಲು ನಾದಿನಿ ಬಂದಳು. ಹೋಟೆಲು, ಕ್ಯಾಂಟೀನುಗಳ ಗ್ಯಾಸ್ ಪೈಪು ತಪಾಸಣೆ ಮಾಡುವುದೇ ಅವಳ ಉದ್ಯೋಗ. ಹಿಂಬಾಗಿಲಲ್ಲೇ ನಿಂತುಬಿಟ್ಟಳು.

"ಏನಿದು ವಾಸನೆ, ಅತ್ತಿಗೆ?"

"ಇನ್ನೇನು? ನಿನ್ನಣ್ಣನ ಘನಕಾರ್ಯ. ಸಿಪ್ಪೆಬುಟ್ಟಿ ಚೆಲ್ಲದೆ ಮಲಗಿಬಿಟ್ಟಿದ್ದಾರೆ, ಮಹಾರಾಯರು."

ಅಕ್ಕ ಮೂಗು ಮುಚ್ಚಿಕೊಂಡು ಬುಟ್ಟಿಗೆ ಕೈ ಹಾಕಿದಳು. ಬುಟ್ಟಿ ಹಗುರವಾಗಿತ್ತು. ತೊಳೆದು ಬೋರಲು ಹಾಕಿತ್ತು. ಪಾಪ, ಅವರು ಬೆಳಿಗ್ಗೆಯೇ ಚೆಲ್ಲಿದ್ದರು.

"ಹಾಗಾದ್ರೆ ಚರಂಡೀದಿರಬೇಕು. ತಾಳು, ಫ್ಯಾನ್ ಹಾಕ್ತೀನಿ."

"ಸ್ವಿಚ್ ಮುಟ್ಟಬೇಡಿ! ಒಂದು ಕಿಡಿ ಸಾಕು. ಇದು ಗ್ಯಾಸು."

"ಕಿಟಕಿ ತೆರೆದೇ ಇದೆಯಲ್ಲೇ?"

"ಗ್ಯಾಸು ಗಾಳಿಗಿಂತ ಭಾರ ಅತ್ತಿಗೆ. ಕಿಟಕಿವರೆಗೂ ಏರಲ್ಲ. ನೆಲದಲ್ಲೇ ತುಂಬ್ಕೊಳ್ಳುತ್ತೆ."

ನೆಲದಲ್ಲಿ ಯಾರಿದ್ದಾರೆ, ಆ ಗಾಢ ನಿದ್ದೆ, ತಲೆನೋವು ಎಲ್ಲಿಂದ ಬಂದವೆಂದು ಅಕ್ಕನಿಗೆ ಆಗ ಹೊಳೆಯಿತು. ಯಜಮಾನರು ಅರೆನಿದ್ದೆಯಲ್ಲಿ ಮಗ್ಗುಲಾದರು. ಕೈ ತಲೆದಿಂಬಿನ ಪಕ್ಕ ಬೆಂಕಿಪೊಟ್ಟಣ ಹುಡುಕುತ್ತಿತ್ತು. ಅಕ್ಕ ಮೈದಾ ಚೀಲಗಳನ್ನು ದಾಟಿ ಪೊಟ್ಟಣ ಕಿತ್ತುಕೊಂಡಳು. ಗಂಡನ ಕಂಕುಳಿಗೆ ಕೈ ಕೊಟ್ಟು ಹಿತ್ತಲಿಗೆ ಎಳೆದಳು. ನಾದಿನಿ ಸಿಲಿಂಡರಿನ ವಾಲ್ವ್ ತಿರುಗಿಸಿ ಮುಚ್ಚಿ, ಬಾಗಿಲುಗಳನ್ನು ಹಾರುಹೊಡೆದು ಹೊರಬಂದಳು. ರಸ್ತೆಗೆ ಹೋದ ಮೇಲೆಯೇ ಗ್ಯಾಸಿನವರಿಗೆ ಫೋನ್ ಮಾಡಿದ್ದು.

ಹೊರಗಿನ ಗಾಳಿ ತಾಗಿ ಯಜಮಾನರು ಮೆಲ್ಲಗೆ ಕಣ್ಣು ಬಿಟ್ಟರು. ವಿಷಯ ತಿಳಿದರೂ ಅವರ ಗತ್ತು ಇಳಿಯಲಿಲ್ಲ. "ಇಷ್ಟು ವರ್ಷ ಏನೂ ಆಗಿಲ್ಲ. ಸುಮ್ನೆ ಹೆದರಿಸ್ತೀರಾ."

ಗ್ಯಾಸೆಲ್ಲ ಹೊರಹೋದ ಮೇಲೆ ಮೆಕ್ಯಾನಿಕ್ ಬಂದು ಪೈಪಿಗೆ ಸೋಪಿನ ನೀರು ಬಳಿದು, ವಾಲ್ವ್ ಚೂರೇ ತೆರೆದ. ಓವನ್ನಿನ ಹಿಂದೆ, ಶಾಖಕ್ಕೆ ರಬ್ಬರು ಬಿರುಕು ಬಿಟ್ಟಿದ್ದ ಜಾಗದಲ್ಲಿ ಗುಳ್ಳೆಗಳೆದ್ದವು. ಒಂದರ ಹಿಂದೊಂದು ಊದಿಕೊಂಡು, ಬಣ್ಣ ತಿರುಗಿಸಿ, ಮೆತ್ತಗೆ ಒಡೆಯುತ್ತಿದ್ದವು. ನೋಡಲು ಎಷ್ಟು ಚೆಂದವಿತ್ತೆಂದರೆ ಅಕ್ಕನಿಗೆ ಅಳು ಬಂತು. ಯಜಮಾನರು ತಮ್ಮ ಚಾಪೆ ಸುತ್ತಿ ಹೊರಗೆ ಒಯ್ದರು.

ನಾದಿನಿ ನೆಲಮಟ್ಟದ ಗಾಳಿಕಿಂಡಿಯಿಂದ ಗೋಣಿಚೀಲವೊಂದನ್ನು ಎಳೆದು ತೆಗೆದಳು. "ಇದನ್ನ ತುರುಕಿದ್ದು ಯಾರು?"

"ನಾನೇ," ಎಂದಳು ಅಕ್ಕ. "ಗಾಳಿ ಬಡಿದ್ರೆ ಹಿಟ್ಟು ಒಣಗುತ್ತೆ ಅಂತ."

"ಹಿಟ್ಟಿಗೆ ಮುಚ್ಚಳ ಹಾಕಿ ಅತ್ತಿಗೆ, ಗೋಡೆಗಲ್ಲ."

ಮರುದಿನವೇ ಯಜಮಾನರು ಮುಂದೆ ನಿಂತು ಹೊಸ ಪೈಪು ಹಾಕಿಸಿದರು. ಸಿಲಿಂಡರುಗಳು ಹಿತ್ತಲಿನ ನೆರಳಿಗೆ, ಗಾಳಿಯಾಡುವ ಜಾಲರಿಯೊಳಕ್ಕೆ ಹೋಗಿ ನೆಟ್ಟಗೆ ನಿಂತವು.

"ಅಲ್ಲ ಕಣೇ, ಬುಟ್ಟಿ ನಾನು ಚೆಲ್ಲಿದ್ದೆ ಅಂತ ಒಪ್ಕೊಂಡೆ ತಾನೇ?" ಎಂದು ಅವರು ಕೆಣಕಿದರು.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸುಮ್ನಿರಿ. ಬೈಯೋಕಾದ್ರೂ ನೀವಿರಬೇಕಲ್ಲ!"

ಅಡುಗೆಕೋಣೆ ನಡೆಸುವ ಅಕ್ಕ ಅಣ್ಣಂದಿರೇ, ಕೆಟ್ಟ ವಾಸನೆ ಬಂದರೆ ಬುಟ್ಟಿ, ಚರಂಡಿ ಎಂದು ನೆಪ ಹುಡುಕಬೇಡಿ. ಬೆಂಕಿ ಕಡ್ಡಿ ಗೀರಬೇಡಿ, ಸ್ವಿಚ್ ಮುಟ್ಟಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ, ಕೈಗೆ ಸಿಗುವಂತಿದ್ದರೆ ವಾಲ್ವ್ ಮುಚ್ಚಿ, ಹೊರಗಿನಿಂದಲೇ ಫೋನ್ ಮಾಡಿ. ಸೋರಿಕೆಯನ್ನು ಬೆಂಕಿ ಹಿಡಿದು ಹುಡುಕುವ ಹುಚ್ಚು ಸಾಹಸವಂತೂ ಬೇಡವೇ ಬೇಡ. ವಾಸನೆ ಬರುವವರೆಗೂ ಕಾಯಬೇಕಿಲ್ಲ. ಇವತ್ತೇ ಬಗ್ಗಿ ನಿಮ್ಮ ಕೋಣೆಯ ಕೆಳಗಿನ ಕಿಂಡಿ ತೆರೆದಿದೆಯೇ, ಪೈಪು ಬಿರಿದಿದೆಯೇ ನೋಡಿ. ದುಡಿದು ದಣಿದ ನಿಮ್ಮವರು ಯಾರೋ ಆ ನೆಲದ ಮೇಲೆ ಕಣ್ಣು ಮುಚ್ಚಿರುತ್ತಾರೆ. ಅವರು ಏಳಬೇಕು.