ಒಳಗಿನ ಚಿಲಕ

"ನಿಂಗೆ ಹದಿನೈದು ತುಂಬಲಿ, ನಿನ್ನ ರೂಮಿಗೆ ನಾನೇ ಚಿಲಕ ಹಾಕಿಕೊಡ್ತೀನಿ" ಎಂದು ಬೀಗದವನು ಮಗಳಿಗೆ ಮಾತು ಕೊಟ್ಟದ್ದು ಅವಳು ಇನ್ನೂ ಹಾಲುಹಲ್ಲು ಉದುರಿಸುತ್ತಿದ್ದ ಕಾಲದಲ್ಲಿ. ಅಂಗಡಿಯ ತಗಡಿನ ಪೆಟ್ಟಿಗೆಯ ಮೇಲೆ ಕಾಲು ತೂಗಾಡಿಸುತ್ತ ಕೂತಿದ್ದಳು ಹುಡುಗಿ. ತುಕ್ಕು ಹಿಡಿದ ಬೀಗವೊಂದನ್ನು ತೊಡೆಯ ಮೇಲಿಟ್ಟುಕೊಂಡು, ಕೈಗೆ ಸಿಕ್ಕ ಕೀಲಿಗಳನ್ನೆಲ್ಲ ಅದಕ್ಕೆ ತೂರಿಸಿ ನೋಡುತ್ತಿದ್ದಳು.

"ಹಾಕಿದ ಮೇಲೆ ನೀನು ತೆಗೀಬಾರದು."

"ತೆಗಿಯಲ್ಲ."

"ನಾನೇ ತೆಗಿಯೋವರೆಗೂ?"

"ನೀನೇ ತೆಗಿಯೋವರೆಗೂ, ಮಾರಾಯ್ತಿ. ಆಯ್ತಾ?"

"ಬಾಯಲ್ಲಿ ಹೇಳಿದ್ರೆ ಆಗಲ್ಲ. ಕೈ ಕೊಡು."

ಗ್ರೀಸು ಮೆತ್ತಿದ ಕೈಯನ್ನು ಅವನು ಅಂಗಿಗೆ ಒರೆಸಿಕೊಂಡು ಚಾಚಿದ. ಅವಳು ಅದರ ಮೇಲೆ ತನ್ನ ಪುಟ್ಟ ಕೈಯನ್ನು ಪಟ್ಟೆಂದು ಹೊಡೆದಳು. ಮಕ್ಕಳು ಮರೆತುಬಿಡುತ್ತಾರೆ ಎಂದು ದೊಡ್ಡವರು ಅಂದುಕೊಳ್ಳುವುದುಂಟು. ಬೈಗುಳ ಮರೆಯುತ್ತಾರೆ, ಪೆಟ್ಟು ಕೂಡ ಮರೆಯುತ್ತಾರೆ. ಕೊಟ್ಟ ಮಾತನ್ನು ಮಾತ್ರ ಮರೆಯುವುದಿಲ್ಲ.

ಕೆಳಗೆ ಅಂಗಡಿ, ಮೇಲೆ ಮನೆ. ಊರ ಬಾಗಿಲುಗಳನ್ನೆಲ್ಲ ಭದ್ರ ಮಾಡಿಕೊಡುವವನ ಮನೆಯಲ್ಲಿ, ಬೀದಿಬಾಗಿಲು ಬಿಟ್ಟರೆ ಬೇರೆ ಯಾವ ಬಾಗಿಲಿಗೂ ಒಳಗಿನಿಂದ ಚಿಲಕವಿರಲಿಲ್ಲ. ಬಚ್ಚಲಿಗೊಂದು ಕೊಕ್ಕೆಯಿತ್ತು, ಜೋರಾಗಿ ಕೆಮ್ಮಿದರೆ ಕಳಚಿಕೊಳ್ಳುವಂಥದ್ದು. ಬೀದಿದೀಪ ಹತ್ತುವ ಮೊದಲು ಮನೆ ಸೇರಬೇಕು, ಊಟಕ್ಕೆ ಕೂತಾಗ ಫೋನು ಗೋಡೆಯ ಗೂಡಿನಲ್ಲಿರಬೇಕು ಎಂಬ ಕಟ್ಟಳೆಗಳು ಹೆಂಡತಿಯವು. ಚಿಲಕದ್ದೊಂದು ಮಾತ್ರ ಅವನದು.

"ಊರಿಗೆಲ್ಲ ಬೀಗ, ನಮಗೆ ಮಾತ್ರ ಬಟಾಬಯಲು" ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಅವಳು ದಿನವಿಡೀ ಇಸ್ತ್ರಿ ಅಂಗಡಿಯಲ್ಲಿ ನಿಂತು ಊರವರ ಅಂಗಿಗಳ ಸುಕ್ಕು ಬಿಡಿಸಿ ಬರುವವಳು. "ನಾನೇನು ಕಮ್ಮಿ ಅಲ್ಲ ಬಿಡಿ. ನನ್ನ ಸೀರೆ ನೋಡಿ, ಹಸು ಅಗಿದು ಉಗಿದ ಹಾಗಿದೆ."

ಒಳಗಿನ ಚಿಲಕವೆಂದರೆ ಅವನಿಗೆ ಹೆದರಿಕೆ, ಅದಕ್ಕೆ ಕಾರಣವೂ ಇತ್ತು. ಬೀಗದವನ ಕೆಲಸವೆಂದರೆ ಹಾಕುವುದಷ್ಟೇ ಅಲ್ಲ, ತೆಗೆಯುವುದೂ ಹೌದು. ಒಳಗಿನಿಂದ ಹಾಕಿಕೊಂಡು ತೆಗೆಯದ ಬಾಗಿಲಿದ್ದರೆ ಅವನಿಗೆ ಕರೆ ಬರುತ್ತದೆ. ಬಹಳ ಸಲ ಅದು ನಗುವಲ್ಲೇ ಮುಗಿಯುತ್ತದೆ. ಬಚ್ಚಲಲ್ಲಿ ಸಿಕ್ಕಿಕೊಂಡ ಮಗು ಸೋಪಿನ ನೊರೆ ಮೆತ್ತಿಕೊಂಡು ಹೊರಗೆ ಬರುತ್ತದೆ. ಕಿವಿ ಕೇಳದ ಅಜ್ಜಿ ಮಂಚದ ಮೇಲೆದ್ದು ಕೂತು, "ಯಾರಪ್ಪಾ ನೀನು, ಕಳ್ಳನಾ?" ಎನ್ನುತ್ತಾಳೆ. ಆದರೆ ಎಲ್ಲ ಸಲವೂ ಹಾಗಾಗುವುದಿಲ್ಲ. ಆದ್ದರಿಂದ ಅವನು ಒಂದು ಪದ್ಧತಿ ಇಟ್ಟುಕೊಂಡಿದ್ದ. ಚಿಲಕ ಸರಿದ ಕೂಡಲೇ ಬಾಗಿಲನ್ನು ಒಂದೇ ಬೆರಳಿನಿಂದ ತಳ್ಳಿ, ಬೆನ್ನು ತಿರುಗಿಸಿ, ಪೆಟ್ಟಿಗೆಗೆ ಸಾಮಾನು ತುಂಬಲು ಕೂರುತ್ತಿದ್ದ. ಒಳಗೆ ನೋಡುತ್ತಿರಲಿಲ್ಲ. ನೋಡದಿದ್ದರೇನು, ಕಿವಿಗೆ ರೆಪ್ಪೆ ಇಲ್ಲವಲ್ಲ.

ಮಗಳಿಗೆ ಮನೆಯಲ್ಲಿ ಗಿರಗಿಟ್ಲೆ ಎಂದು ಹೆಸರು. ಚಿಕ್ಕಂದಿನಲ್ಲಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹದಿನೈದು ತುಂಬಿದ ಬೆಳಿಗ್ಗೆ ಅವಳು ಅಂಗಡಿಗೆ ಇಳಿದು ಬಂದು, ಅಪ್ಪನೆದುರು ಕೈ ಚಾಚಿ ನಿಂತಳು.

"ಏನು?"

"ಚಿಲಕ."

"ಮುಂದಿನ ವರ್ಷ ನೋಡೋಣ ಕಣೆ."

"ಅಪ್ಪಾ, ಕೈ ಕೊಟ್ಟಿದ್ದೀಯ."

"ರೂಮಲ್ಲಿ ಅಂಥದ್ದೇನು ಗುಟ್ಟು ನಿಂದು?"

"ಗುಟ್ಟೂ ಇಲ್ಲ, ಗಂಟೂ ಇಲ್ಲ. ಒಂದು ಗಂಟೆ ಯಾರೂ 'ಏನ್ಮಾಡ್ತಿದೀಯ' ಅಂತ ಕೇಳದೆ ಇರಬೇಕು. ಅಷ್ಟೇ. ಅಮ್ಮ ಬಟ್ಟೆ ಇಡೋಕೆ ಬರ್ತಾಳೆ, ನೀನು ಚಾರ್ಜರ್ ಹುಡುಕೋಕೆ ಬರ್ತೀಯ. ಅದು ನನ್ನ ರೂಮೋ, ಬಸ್ ಸ್ಟ್ಯಾಂಡೋ?"

ಅಂಗಡಿಗೆ ಬಂದಿದ್ದ ಗಿರಾಕಿ ಕಿಸಕ್ಕೆಂದು ನಕ್ಕ. ಅಪ್ಪನಿಗೂ ನಗು ಬಂತು. ಆ ನಗುವಿನಲ್ಲೇ ಒಪ್ಪಿಕೊಂಡುಬಿಟ್ಟ.

ಹಿತ್ತಾಳೆಯ ಚಿಲಕವನ್ನು ಅವನೇ ಆರಿಸಿದ. ಬೆಣ್ಣೆಯಲ್ಲಿ ಕೂದಲು ಜಾರಿದಂತೆ ಜಾರಬೇಕು ಎಂದು ಎಣ್ಣೆ ಬಿಟ್ಟು ತೀಡಿದ. ಮಗಳು ಶಾಲೆಗೆ ಹೋಗಿದ್ದಾಗ ಅದನ್ನು ಬಾಗಿಲಿಗೆ ಕೂರಿಸಿದ. ಕೊನೆಯ ತಿರುಪು ಬಿಗಿಯುವಾಗ ಕೈ ನಿಂತಿತು. ಎಷ್ಟೋ ಮನೆಗಳ ಬಾಗಿಲಾಚೆಯಿಂದ ಕೇಳಿದ ಸದ್ದುಗಳು ಕಿವಿಯಲ್ಲಿ ಎದ್ದವು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವನು ಡ್ರಿಲ್ ಎತ್ತಿಕೊಂಡು ಚಿಲಕದ ಹಿಡಿಯ ಪಕ್ಕಕ್ಕೆ, ಬಾಗಿಲ ಹಲಗೆಯಲ್ಲಿ, ಸೂಜಿಗಿಂತ ತುಸು ದಪ್ಪದೊಂದು ತೂತು ಕೊರೆದ. ತುದಿ ಬಗ್ಗಿಸಿದ ತಂತಿಯೊಂದು ಸಾಕು, ಹೊರಗಿನಿಂದ ಹಿಡಿಯನ್ನು ಸರಿಸಬಹುದು. ಎರಡೂ ಕಡೆ ಮರದ ಬಣ್ಣದ ಮೇಣ ತುಂಬಿ, ಹೆಬ್ಬೆರಳಿನಿಂದ ಒತ್ತಿ ಸಮ ಮಾಡಿದ.

"ಅದೇನ್ರೀ ಒರೆಸ್ತಿದೀರಿ?" ಎಂದಳು ಹೆಂಡತಿ.

"ಹುಳ ತಿಂದಿತ್ತು. ಮುಚ್ಚಿದೆ."

ಮಗಳು ಅಂದು ಸಂಜೆ ಚಿಲಕವನ್ನು ಹಾಕಿ ತೆಗೆದು, ತೆಗೆದು ಹಾಕಿ, ಕೊನೆಗೆ ಬಾಗಿಲ ಸಂದಿಯಿಂದ ತಲೆ ಹೊರಗೆ ಹಾಕಿ, "ನಾನು ಒಳಗಿದ್ದೀನಿ" ಎಂದು ಸಾರಿ ಮತ್ತೆ ಹಾಕಿಕೊಂಡಳು. ಒಳಗಿನಿಂದ ಹಾಡು ಕೇಳಿಸಿತು. ಒಂದು ಗಂಟೆ ಕಳೆದು ಬಂದವಳ ಮುಖ ಅರಳಿತ್ತು. ಮುಂದೆಯೂ ಅಷ್ಟೇ, ಚಿಲಕ ತೆಗೆದು ಬಂದಾಗಲೆಲ್ಲ ಅವಳಾಗಿಯೇ ಅಪ್ಪನ ಪಕ್ಕ ಕೂತು ಶಾಲೆಯ ಸುದ್ದಿ ಹೇಳುತ್ತಿದ್ದಳು. ಚಿಲಕವಿಲ್ಲದ ಕಾಲದಲ್ಲಿ ಕೆದಕಿ ಕೆದಕಿ ಕೇಳಿದರೂ ಬಾಯಿ ಬಿಡದಿದ್ದ ಹುಡುಗಿ. ತೂತಿನ ಗೊಡವೆಗೆ ಅವನು ಹೋಗಲಿಲ್ಲ. ಅದು ಅಲ್ಲಿದೆ ಎಂಬ ಧೈರ್ಯವೇ ಸಾಕಾಗಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಕರೆ ಬಂತು. ದೊಡ್ಡ ಕಟ್ಟಡದ ಮೇಲಂತಸ್ತಿನ ಮನೆ. ಮಗ ಚಿಲಕ ಹಾಕಿಕೊಂಡಿದ್ದ ಒಳಕೋಣೆಯ ಬಾಗಿಲ ಮುಂದೆ ತಂದೆತಾಯಿ ನಿಂತಿದ್ದರು. "ಬೆಳಿಗ್ಗೆ ಸ್ವಲ್ಪ ಗದರಿದ್ದೆ ಅಷ್ಟೇ" ಎಂದು ಆ ತಂದೆ ಕೇಳದಿದ್ದರೂ ಹೇಳಿದ. "ಸಿಟ್ಟು ಮಾಡ್ಕೊಂಡು ಮಲಗಿರ್ತಾನೆ. ಅಲ್ವಾ?" ಬೀಗದವನು ಪೆಟ್ಟಿಗೆ ಬಿಚ್ಚಿ ಕೆಲಸ ಮಾಡಿದ. ಒಂದೇ ಬೆರಳಿನಿಂದ ಬಾಗಿಲು ತಳ್ಳಿದ. ಬೆನ್ನು ತಿರುಗಿಸಬೇಕಿತ್ತು, ಅಂದು ಅರೆಗಳಿಗೆ ತಡವಾಯಿತು. ಕಣ್ಣಿಗೆ ಬಿದ್ದದ್ದು ನೆಲದ ಮೇಲೆ ಜೋಡಿಸಿಟ್ಟ ಶಾಲೆಯ ಬೂಟುಗಳು ಮಾತ್ರ. ಅಷ್ಟರಲ್ಲಿ ತಾಯಿ ಅವನನ್ನು ತಳ್ಳಿಕೊಂಡು ಒಳಗೋಡಿ ಚೀರಿದಳು.

ಅವನು ಮನೆಗೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಸಾಮಾನಿನ ಪೆಟ್ಟಿಗೆ ಹೊತ್ತುಕೊಂಡೇ ಮೆಟ್ಟಿಲು ಹತ್ತಿದ. ಅಂದು ಬೆಳಿಗ್ಗೆ ಅವನೂ ಗದರಿದ್ದ. ಹಿಂದಿನ ದಿನ ಬೀದಿದೀಪ ಹತ್ತಿ ಎಷ್ಟೋ ಹೊತ್ತಾದ ಮೇಲೆ ಮಗಳು ಮನೆಗೆ ಬಂದಿದ್ದಳು. ಗೆಳತಿಯರ ಜೊತೆ ಪ್ರವಾಸವೂ ಬೇಡ, ಏನೂ ಬೇಡ ಎಂದುಬಿಟ್ಟಿದ್ದ. ಈಗ ಅವಳ ಬಾಗಿಲು ಮುಚ್ಚಿತ್ತು. ಹೆಂಡತಿ ಇನ್ನೂ ಬಂದಿರಲಿಲ್ಲ.

"ಗಿರಗಿಟ್ಲೇ."

ಉತ್ತರವಿಲ್ಲ.

ಬಾಗಿಲು ತಟ್ಟಿದ. "ಏ ಮಗಾ. ಒಂದು ಸಲ ಹೂಂ ಅನ್ನು, ಸಾಕು. ಪ್ರವಾಸಕ್ಕೆ ಬೇಕಾದ್ರೆ ಹೋಗು."

ಏನೂ ಇಲ್ಲ. ಹಾಡೂ ಇಲ್ಲ. ಪೆಟ್ಟಿಗೆಯಿಂದ ತಂತಿ ಎಳೆದ. ತಾನೇ ಒತ್ತಿದ ಮೇಣವನ್ನು ಚುಚ್ಚಿ ಕೆಡವಿದ. ಪರರ ಮನೆಗಳಲ್ಲಿ ಎಂದೂ ಗುರಿ ತಪ್ಪದ ತಂತಿ ಇಲ್ಲಿ ಎರಡು ಸಲ ತೂತು ತಪ್ಪಿತು. ಚಿಲಕ ಮಾತ್ರ ಸದ್ದಿಲ್ಲದೆ ಜಾರಿತು. ಅಷ್ಟು ಚೆನ್ನಾಗಿ ಎಣ್ಣೆ ಬಿಟ್ಟಿದ್ದ.

ಮಗಳು ಎದುರುಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಅತ್ತು ಕಣ್ಣು ಊದಿತ್ತು. ಅವಳು ಅಪ್ಪನನ್ನು ನೋಡುತ್ತಿರಲಿಲ್ಲ, ಚಿಲಕವನ್ನು ನೋಡುತ್ತಿದ್ದಳು. ಯಾರೂ ಮುಟ್ಟದೆ ತಾನಾಗಿಯೇ ತೆವಳಿದ ಆ ಹಿತ್ತಾಳೆಯ ತುಂಡನ್ನು ಅವಳು ಮೊದಲಿನಿಂದ ಕೊನೆಯವರೆಗೂ ಕಂಡಿದ್ದಳು.

"ಯಾಕೆ ಮಾತಾಡಲಿಲ್ಲ? ಕೇಳಿಸಲಿಲ್ವಾ?"

"ಕೇಳಿಸ್ತು. ಮಾತಾಡೋಕೆ ಮನಸ್ಸಿರಲಿಲ್ಲ. ಅದಕ್ಕೇ ತಾನೆ ಚಿಲಕ?"

ಎದ್ದು ಬಂದು, ಬಗ್ಗಿ, ತೂತನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅಂಗಡಿಯಲ್ಲಿ ಬೀಗಗಳ ನಡುವೆ ಬೆಳೆದ ಹುಡುಗಿಗೆ ವಿವರಿಸುವ ಅಗತ್ಯವಿರಲಿಲ್ಲ.

"ಇದು ಮೊದಲಿಂದ್ಲೂ ಇತ್ತಾ?"

"ಹೂಂ."

"ಎಷ್ಟು ಸಲ ತೆಗೆದಿದ್ದೀಯ?"

"ಇದೇ ಮೊದಲು. ನಿನ್ನಾಣೆ."

ಅವಳು ನಂಬಲಿಲ್ಲ. ನಂಬಲಿಲ್ಲ ಎಂಬುದು ಅವನಿಗೆ ಅವಳ ಮುಖದಲ್ಲೇ ಕಂಡಿತು. "ಇವತ್ತು ಒಂದು ಮನೇಲಿ, ನಿನ್ನ ವಯಸ್ಸಿನ ಹುಡುಗ..." ಎಂದು ಶುರುಮಾಡಿದ. ಅವನು ಕಣ್ಣೊರೆಸಿಕೊಂಡದ್ದು ನೋಡಿ ಅವಳ ಮುಖ ಒಂದು ಕ್ಷಣ ಮೆತ್ತಗಾಯಿತು. ಕೈ ಅವನ ತೋಳಿನವರೆಗೆ ಬಂದು ಹಿಂದೆ ಸರಿಯಿತು.

"ಪಾಪ ಆ ಹುಡುಗ. ಆದ್ರೆ ಅವನು ನಾನಲ್ಲ ಅಪ್ಪಾ. ಹೆದರಿಕೆ ಇದ್ರೆ ಹೇಳಬಹುದಿತ್ತು. ಚಿಲಕ ಹಾಕಲ್ಲ ಅಂದಿದ್ರೂ ಜಗಳ ಆಡಿ ಸುಮ್ಮನಾಗ್ತಿದ್ದೆ. ಹಾಕಿಕೊಟ್ಟು, ತೂತು ಮಾಡಿ, ಮೇಣ ಮೆತ್ತಿ... ನಾನು ಒಳಗೆ ಹಾಡ್ತಾ ಇದ್ದೆ, ನೀನು ಹೊರಗೆ ಸುಮ್ಮನೆ ಕೂತಿದ್ದೆ."

ಆ ದಿನದಿಂದ ಅವಳ ಬಾಗಿಲು ತೆರೆದೇ ಇತ್ತು. ಮುಚ್ಚುವುದಿರಲಿ, ಅರ್ಧ ಸರಿಸುವುದೂ ಇಲ್ಲ. ಬೀದಿದೀಪ ಹತ್ತುವ ಮೊದಲೇ ಮನೆ ಸೇರುತ್ತಾಳೆ. ಊಟಕ್ಕೆ ಬರುವಾಗ ಹೇಳುವ ಮೊದಲೇ ಫೋನನ್ನು ಗೂಡಿನಲ್ಲಿಡುತ್ತಾಳೆ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾಳೆ, ಆದರೆ ಕೇಳಿದಷ್ಟಕ್ಕೇ. ಹಾಡು ನಿಂತುಹೋಯಿತು. ಅಪ್ಪನಿಗೆ 'ನೀನು' ಅನ್ನುತ್ತಿದ್ದವಳು 'ನೀವು' ಅನ್ನತೊಡಗಿದಳು, ಅಂಗಡಿಗೆ ಬಂದ ಹೊಸ ಗಿರಾಕಿಯಂತೆ.

"ಏನ್ರೀ ಮಂತ್ರ ಹಾಕಿದ್ರಿ?" ಎಂದು ಮೊದಮೊದಲು ಹೆಂಡತಿ ನಕ್ಕಳು. "ಕಟ್ಟಳೆ ಅಂದ್ರೆ ಉರಿದು ಬೀಳ್ತಿದ್ದವಳು ಗೆರೆ ಎಳೆದ ಹಾಗೆ ನಡೀತಿದಾಳೆ." ಆಮೇಲೆ ನಡೆದದ್ದು ತಿಳಿದಾಗ ನಗಲಿಲ್ಲ. ಮಡಿಸುತ್ತಿದ್ದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡಳು. "ನನಗೂ 'ಹುಳ ತಿಂದಿತ್ತು' ಅಂದ್ರಲ್ರೀ" ಎಂದಷ್ಟೇ ಹೇಳಿದಳು.

ಅವನು ಆ ಬಾಗಿಲನ್ನೇ ಕಿತ್ತು ಹಾಕಿ ಹೊಸ ಬಾಗಿಲು ಕೂರಿಸಿದ. ಗಟ್ಟಿ ಮರ, ಹೊಸ ಚಿಲಕ. ಮಗಳನ್ನು ಕರೆದು ನಿಲ್ಲಿಸಿದ. "ಎರಡೂ ಕಡೆ ಕೈಯಾಡಿಸಿ ನೋಡು. ಬೆಳಕಿಗೆ ಹಿಡಿದು ನೋಡು. ಒಂದು ಕೂದಲು ತೂರೋಷ್ಟು ಜಾಗ ಇದ್ರೆ ಕೇಳು."

ಅವಳು ನೋಡಿದಳು. ಕರ್ತವ್ಯವೆಂಬಂತೆ ಕೈಯಾಡಿಸಿದಳು ಕೂಡ. "ಚೆನ್ನಾಗಿದೆ."

"ಒಂದು ಸಲ ಹಾಕ್ಕೋ. ನಾನು ಕೆಳಗೆ ಅಂಗಡಿಗೆ ಹೋಗ್ತೀನಿ. ಎಷ್ಟು ಹೊತ್ತಾದ್ರೂ ಕರೆಯಲ್ಲ."

"ಬೇಡ ಬಿಡಿ ಅಪ್ಪಾ." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಅದನ್ನು ಹಿಡಿದುಕೊಂಡು ಜಗಳವಾಡಬಹುದಿತ್ತು, ಕಾಲಿಗೆ ಬೀಳಬಹುದಿತ್ತು. "ನೀವು ಬೀಗದವರು. ನಿಮಗೆ ತೆಗಿಯೋಕೆ ಬರದೆ ಇರೋ ಬಾಗಿಲು ಯಾವುದಿದೆ?"

ಅವಳು ಒಳಗೆ ಹೋಗಿ ಮೇಜಿನ ಮುಂದೆ ಕೂತು ಪುಸ್ತಕ ತೆರೆದಳು. ಬಾಗಿಲು ಗೋಡೆಗೆ ತಾಗಿಕೊಂಡು ಹಾರುಹೊಡೆದಿತ್ತು. ಅವಳ ಬೆನ್ನು, ಜಡೆ, ಓದುವಾಗ ಅಲುಗುವ ಪಾದ ಎಲ್ಲವೂ ಹೊಸ್ತಿಲಾಚೆಯಿಂದ ಅವನಿಗೆ ಕಾಣುತ್ತಿದ್ದವು. ಉಸಿರಾಡುತ್ತಿದ್ದಾಳೆ, ಕ್ಷೇಮವಾಗಿದ್ದಾಳೆ, ನೋಡಬೇಕೆಂದಾಗಲೆಲ್ಲ ನೋಡಬಹುದು. ಅವನು ಬಯಸಿದ್ದೂ ಅದನ್ನೇ. ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ.

ನೀನೇ ತೆಗೆಯುವವರೆಗೂ ತೆಗೆಯುವುದಿಲ್ಲ ಎಂದು ಅವನು ಮಗಳಿಗೆ ಕೈ ಕೊಟ್ಟು ಮಾತು ಕೊಟ್ಟಿದ್ದ. ಆ ಮಾತನ್ನು ಉಳಿಸಿಕೊಳ್ಳಲಿಲ್ಲ.