ಶಕ್ತಿಯ ಕಷಾಯ

ಸ್ಯೂ ಮೂಯ್ ಅತ್ತಿಗೆ ಯೋಕ್ ಲಿನ್‌ಳ ರಟ್ಟೆ ಹಿಡಿದು, ಅಣ್ಣನ ಶವಪೆಟ್ಟಿಗೆಯ ಮುಂದಿನಿಂದ ಚಪ್ಪರದ ಹಿಂದಕ್ಕೆ ಎಳೆದೊಯ್ದಳು. ಸತ್ತವನಿಗೆಂದು ಬೆಂಕಿಗೆ ಹಾಕಬೇಕಿದ್ದ ಬಂಗಾರದ ಬಣ್ಣದ ಕಾಗದಗಳು ಯೋಕ್ ಲಿನ್‌ಳ ಕೈಯಲ್ಲೇ ಉಳಿದವು.

"ನಿಜ ಹೇಳು. ಅಣ್ಣನಿಗೆ ಏನು ಕುಡಿಸ್ತಿದ್ದೆ?"

"ಕೈ ಬಿಡೇ, ಜನ ನೋಡ್ತಾರೆ."

"ನೋಡ್ಲಿ! ಹೊಸವರ್ಷದ ದಿನ ಅವನ ಫ್ಲಾಸ್ಕ್ ಮೂಸಿದೀನಿ. ಬೇರಿನ ವಾಸನೆ. ನಾನು ಕಿಡ್ನಿ ಕೊಟ್ಟಿದ್ದು ನೀನು ಕಷಾಯ ಹುಯ್ದು ಕೊಲ್ಲೋಕಾ?"

ಯೋಕ್ ಲಿನ್ ರಟ್ಟೆ ಬಿಡಿಸಿಕೊಂಡಳು. ಹೆಂಡತಿಯೇ ಏನೋ ನಾಟಿ ಮದ್ದು ಕೊಟ್ಟು ಕೆಡಿಸಿದಳಂತೆ ಎಂದು ಬೀದಿಯೆಲ್ಲ ಗುಸುಗುಸು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು?

*

ಕಸಿ ಆದ ದಿನಗಳಲ್ಲೇ ಡಾಕ್ಟರು ಬಿಡಿಸಿ ಹೇಳಿದ್ದರು. ಕಾಮ್ ವೆಂಗ್‌ನ ಮೈ ತಂಗಿಯ ಕಿಡ್ನಿಯನ್ನು ಹೊರಗಿನದೆಂದು ತಿಳಿದು ಅದರ ಮೇಲೆ ಬೀಳುತ್ತದೆ. ಹಾಗಾಗದಂತೆ ಮೈಯ ಕಾವಲನ್ನೇ ಮಂಕು ಮಾಡಲು ಬದುಕಿರುವವರೆಗೂ ಮಾತ್ರೆ ನುಂಗಬೇಕು. ಆ ಕಾವಲನ್ನು ಮತ್ತೆ ಕೆರಳಿಸುವ ಬೇರು, ಅಣಬೆ, ಜಿನ್ಸೆಂಗ್ ಕೂಡದು. ಚಕ್ಕೋತವೂ ಕೂಡದು, ಅದು ರಕ್ತದಲ್ಲಿ ಮಾತ್ರೆಯನ್ನು ಮಿತಿಮೀರಿ ಏರಿಸುತ್ತದೆ.

ತಂಬುನ್ ರಸ್ತೆಯಲ್ಲಿ ಚಕ್ಕೋತ ಮಾರಿಯೇ ಬದುಕಿದವನಿಗೆ ಚಕ್ಕೋತವೇ ನಿಷಿದ್ಧ! ಅವನೇನೂ ಅತ್ತುಕೊಂಡು ಕೂರಲಿಲ್ಲ. ಹಣ್ಣು ಸಿಹಿ ಇದೆಯಾ ಎಂದು ಗಿರಾಕಿ ಕೇಳಿದರೆ, "ಇರಿ, ನನ್ನ ನಾಲಿಗೆ ಒಳಗಡೆ ಅಡುಗೆ ಮಾಡ್ತಿದೆ" ಎಂದು ಹೆಂಡತಿಯನ್ನು ಕೂಗುತ್ತಿದ್ದ.

*

"ಹೇಳ್ತೀಯೋ, ಎಲ್ಲರೆದುರೇ ಕೇಳಲೋ?"

"ಅಮ್ಮ" ಎಂದಳು ಯೋಕ್ ಲಿನ್.

"ಅಮ್ಮ ಏನು?"

"ಕಾಯಿಸ್ತಿದ್ದದ್ದು ಅಮ್ಮ. ಮಾತ್ರೆ ನುಂಗಿ ನುಂಗಿ ಮಗ ಸೊರಗಿದ ಅಂತ. ನಾವಿಬ್ಬರೂ ಬೇಡ ಅಂದ್ವಿ, ಆ ಜೀವ ಕೇಳಬೇಕಲ್ಲ. ಎಷ್ಟೋ ವರ್ಷ ಇವರು ಕದ್ದು ಗಿಡದ ಬುಡಕ್ಕೆ ಸುರಿದ್ರು. ಒಂದಿನ ಅಮ್ಮ ನೋಡಿಬಿಟ್ಟರು. ಅನ್ನ ನೀರು ಬಿಟ್ಟು ಕೂತರು. ಅವತ್ತಿಂದ ಇವರು ಅಮ್ಮನೆದುರೇ ಕುಡಿದು, ಬಟ್ಟಲು ಬೋರಲು ಹಾಕಿ ತೋರಿಸ್ತಿದ್ರು. ಕಷಾಯದಿಂದಲೇ ಹೀಗಾಯ್ತು ಅನ್ನೋದು ಅಮ್ಮನಿಗೆ ಗೊತ್ತಾಗಬಾರದು ಅಂತ ಆಸ್ಪತ್ರೆಯಲ್ಲಿ ನನ್ನ ಕೈ ಹಿಡ್ಕೊಂಡು ಕೇಳಿದ್ರು."

ಸ್ಯೂ ಮೂಯ್‌ಳ ಕೈ ಬೆನ್ನ ಪಕ್ಕದ ಹಳೆಯ ಹೊಲಿಗೆಯ ಮೇಲೆ ಹೋಯಿತು. ಹೆತ್ತ ತಾಯಿ ಸತ್ತ ಮಗನನ್ನು ಸುಡುಗಾಡಿಗೆ ಕಳಿಸಿಕೊಡುವ ಪದ್ಧತಿಯಿಲ್ಲ. ನರೆತ ತಲೆ ಕಪ್ಪು ತಲೆಯ ಹಿಂದೆ ನಡೆಯಬಾರದು. ಅಮ್ಮ ಮನೆಯಲ್ಲಿ ಒಬ್ಬಳೇ ಇದ್ದಳು.

"ಇವತ್ತೇ ಹೇಳ್ತೀನಿ ಅವಳಿಗೆ."

"ಹೇಳು. ಆಮೇಲೆ ಇನ್ನೊಂದು ಪೆಟ್ಟಿಗೆಗೂ ಹೇಳಿಬಿಡು" ಎಂದು ಯೋಕ್ ಲಿನ್ ಕಾಗದಗಳನ್ನು ಎದೆಗೊತ್ತಿಕೊಂಡು ಚಪ್ಪರಕ್ಕೆ ಮರಳಿದಳು.

*

ಸುಡುಗಾಡಿನಿಂದ ಬಂದವರು ಬಾಗಿಲಲ್ಲಿ ಚಕ್ಕೋತದ ಎಲೆ ಹಾಕಿದ ನೀರಿನಲ್ಲಿ ಮುಖ ತೊಳೆದು ಮೈಲಿಗೆ ಕಳೆದುಕೊಂಡರು. ಸ್ಯೂ ಮೂಯ್ ನೇರ ಅಡುಗೆಮನೆಗೆ ನಡೆದಳು. ಹೇಳಬೇಕಾದ ಮಾತು ದಾರಿಯುದ್ದಕ್ಕೂ ನಾಲಿಗೆಯ ತುದಿಯಲ್ಲೇ ಇತ್ತು.

ಒಲೆಯ ಮೇಲೆ ಮಣ್ಣಿನ ಗಡಿಗೆ ಕುದಿಯುತ್ತಿತ್ತು. ಅದೇ ವಾಸನೆ.

"ಬಂದ್ಯಾ ಮಗಳೇ? ಅವನ ಮುಖ ಹೇಗಿತ್ತು?"

"ಮಲಗಿದ ಹಾಗಿತ್ತು."

"ಮೊದಲಿಂದ್ಲೇ ಸರಿಯಾಗಿ ಕುಡಿದಿದ್ರೆ ಉಳೀತಿದ್ದ ಕಣೇ. ಕಳ್ಳ, ಗಿಡಕ್ಕೆ ಸುರಿದ. ನಾನೂ ಕಣ್ಣಿಟ್ಟು ನೋಡಲಿಲ್ಲ, ಪಾಪಿ." ಮುದುಕಿ ಬಟ್ಟಲು ತುಂಬಿ ಮುಂದೆ ಹಿಡಿದಳು. "ನೀನಾದ್ರೂ ಕುಡಿ. ನಿನಗೂ ಇರೋದು ಒಂದೇ ಕಿಡ್ನಿ."

"ಅಮ್ಮಾ..."

"ಏನೇ?"

ಬಾಗಿಲಲ್ಲಿ ಯೋಕ್ ಲಿನ್ ಬಂದು ನಿಂತಿದ್ದಳು. ಮುಖದಿಂದ ಎಲೆ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

"ಬಿಸಿ ಇದೆ" ಎಂದಳು ಸ್ಯೂ ಮೂಯ್.

"ಬಿಸಿ ಇದ್ದಾಗಲೇ ಕುಡೀಬೇಕು."

ಸ್ಯೂ ಮೂಯ್ ನಿಂತಲ್ಲೇ ಕುಡಿದಳು. ಕಹಿ ಗಂಟಲಲ್ಲಿ ಇಳಿಯುವಾಗ ಕಣ್ಣು ತುಂಬಿತು. ತಳದ ಚರಟವನ್ನೂ ನುಂಗಿ, ಖಾಲಿ ಬಟ್ಟಲನ್ನು ಅಮ್ಮನ ಕಣ್ಣೆದುರು ಬೋರಲು ಹಿಡಿದಳು.